ಮೇಷ್ಟ್ರುಗಳ ಬೀಳ್ಕೊಡುಗೆಗೆ ಮೈಕು ಹಿಡಿದವಳು

ಮೂವತ್ತು ವರ್ಷ ಪಾಠ ಹೇಳಿದವರನ್ನು ಒಂದೇ ಮಧ್ಯಾಹ್ನದಲ್ಲಿ ಕಳಿಸಿಕೊಡಲು ಹೊರಟರೆ ಏನಾದರೊಂದು ಎಡವಟ್ಟು ಆಗದೇ ಇರುವುದಿಲ್ಲ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಹೊಸಪೇಟೆಯ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಟೀಚರು. ಒಮ್ಮೆ ಯಾರೋ "ಮೇಡಂ, ನಿಮ್ಮ ದನಿ ಚೊಲೋ ಐತಿ" ಅಂದು ಮೈಕು ಕೈಗೆ ಕೊಟ್ಟರು. ಅಂದಿನಿಂದ ಸುತ್ತಲಿನ ಯಾವ ಊರಿನಲ್ಲಿ ಮೇಷ್ಟ್ರು ನಿವೃತ್ತರಾದರೂ ನಿರೂಪಣೆ ನನ್ನದೇ. ನಮ್ಮ ಕಡೆಯ ಹಳೆಯ ಮೇಷ್ಟ್ರುಗಳಲ್ಲಿ ಅರ್ಧ ಜನ ಜೂನ್ ಒಂದಕ್ಕೇ ಹುಟ್ಟಿದವರು. ಹುಟ್ಟಿದ ದಿನ ಮನೆಯವರಿಗೆ ನೆನಪಿರದೆ, ಶಾಲೆಗೆ ಸೇರಿಸುವಾಗ ಆಗಿನ ಹೆಡ್ಮಾಸ್ತರರು ಬರೆದುಕೊಂಡ ತಾರೀಖು ಅದು. ಹಾಗಾಗಿ ಮೇ ತಿಂಗಳ ಕೊನೆಯ ದಿನ ಮೂರು ಊರಿನವರು ಒಟ್ಟಿಗೆ ಕರೆಯುತ್ತಾರೆ. ಉಳಿದ ತಿಂಗಳು ಸ್ವಲ್ಪ ಉಸಿರಾಡಬಹುದು.

ಎರಡು ಲೆಕ್ಕ ಬಾಕಿ

ಸಂಡೂರಿನ ಒಂದು ಶಾಲೆಯ ಗಣಿತದ ಟೀಚರು ಜೂನ್ ಒಂದಕ್ಕೆ ಹುಟ್ಟಿದವರಲ್ಲ. ಹಾಗಾಗಿ ಅವರ ಕೊನೆಯ ದಿನ ಶಾಲೆ ನಡೆಯುತ್ತಿತ್ತು. ಅಂಗಳದಲ್ಲಿ ಶಾಮಿಯಾನ, ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಸಿದ್ಧ. ಶಿಕ್ಷಣಾಧಿಕಾರಿಗಳು ಬಂದು ವೇದಿಕೆಯ ಮೇಲೆ ಕೂತೂ ಆಯಿತು. ಟೀಚರೇ ಇಲ್ಲ.

ನಾನು ಹುಡುಕಿಕೊಂಡು ಹೋದರೆ ಏಳನೇ ತರಗತಿಯಲ್ಲಿ ಭಿನ್ನರಾಶಿ ಹೇಳುತ್ತಿದ್ದರು.

"ಮೇಡಂ, ಎಲ್ಲಾರೂ ಕಾಯಾಕತ್ತಾರ."

"ಎರಡು ಲೆಕ್ಕ ಉಳದಾವು. ನಾಳೆ ಹೇಳೋಣ ಅಂದ್ರ ನನಗ ನಾಳೆ ಇಲ್ಲಲ್ಲ" ಅಂದರು.

ಸ್ವಲ್ಪ ಹೊತ್ತು ನೋಡಿ ಅಧಿಕಾರಿಗಳೇ ಎದ್ದು ಬಂದರು. ಟೀಚರು ಅವರನ್ನು ನೋಡಿ, "ಬರ್ರಿ ಸರ್, ಹಿಂದ ಜಾಗ ಐತಿ, ಕುಂದ್ರಿ" ಅಂದರು. ಅವರು ಕೊನೆಯ ಬೆಂಚಿನಲ್ಲಿ ಒಬ್ಬ ಹುಡುಗಿಯ ಪಕ್ಕ ಮೊಣಕಾಲು ಮಡಚಿ ಕೂತರು.

"ಮುಕ್ಕಾಲನ್ನ ಅರ್ಧದಿಂದ ಭಾಗಿಸಿದ್ರ ಎಷ್ಟು? ಸರ್, ನೀವು ಹೇಳ್ರಿ."

ಅವರು ಸ್ವಲ್ಪ ಯೋಚಿಸಿ ಗಟ್ಟಿಯಾಗಿಯೇ ಹೇಳಿದರು. "ಎಂಟನೇ ಮೂರು."

ಪಕ್ಕದ ಹುಡುಗಿ ಮೆಲ್ಲಗೆ, "ಭಾಗಾಕಾರಕ್ಕ ತಿರುವಿ ಹಾಕ್ಬೇಕು ಸರ್" ಅಂದಳು.

ಟೀಚರು ನಗಲಿಲ್ಲ. "ಗುಣಿಸಿಬಿಟ್ರಿ ಸರ್. ಮುಕ್ಕಾಲು ಲೀಟರ್ ಹಾಲನ್ನ ಅರ್ಧ ಲೀಟರಿನ ಚೊಂಬಿಗೆ ಹಾಕಿದ್ರ ಎಷ್ಟು ಚೊಂಬು ಆಗ್ತದ?"

"ಒಂದೂವರೆ" ಅಂದರು ಅಧಿಕಾರಿಗಳು. ಹುಡುಗರು ಚಪ್ಪಾಳೆ ತಟ್ಟಿದರು. ಎರಡನೇ ಲೆಕ್ಕವೂ ಮುಗಿದ ಮೇಲೆ ಟೀಚರು ಹಲಗೆಯನ್ನು ತಾವೇ ಒರೆಸಿ, ಸುಣ್ಣದ ಕಡ್ಡಿಯ ತುಂಡನ್ನು ಕಿಟಕಿಯಲ್ಲಿ ಇಟ್ಟು ಹೊರಗೆ ಬಂದರು. ಕೈಯ ಪುಡಿ ಶಾಲಿಗೆಲ್ಲ ಹತ್ತಿತು.

ಅಧಿಕಾರಿಗಳು ಬರೆದು ತಂದಿದ್ದ ಭಾಷಣ ಜೇಬಿನಲ್ಲೇ ಉಳಿಯಿತು. ಮೈಕಿನ ಮುಂದೆ ಅವರು ಹೇಳಿದ್ದು ಇಷ್ಟೇ: "ಇವರ ಇಷ್ಟು ವರ್ಷದ ಸೇವೆಯ ಕಡೇ ವಿದ್ಯಾರ್ಥಿ ನಾನು. ರಿಸಲ್ಟ್ ಕೆಡಿಸಿದವನೂ ನಾನೇ."

ಹೊಟ್ಟೆ ಸೀಳಿದ ದ

ಕಂಪ್ಲಿಯ ಕನ್ನಡ ಮೇಷ್ಟ್ರು ನನಗೇ ಪಾಠ ಹೇಳಿದವರು. ಅವರ ಅಭಿನಂದನಾ ಪತ್ರ ನಾನೇ ಬರೆಯುತ್ತೇನೆ ಎಂದು ಹಟ ಹಿಡಿದು ನಾಲ್ಕು ದಿನ ಕೂತು ಬರೆದೆ. ಪ್ರೆಸ್ಸಿನಲ್ಲಿ ಬಂಗಾರದ ಬಣ್ಣದ ಅಕ್ಷರದಲ್ಲಿ ಅಚ್ಚಾಗಿ, ಗಾಜಿನ ಚೌಕಟ್ಟಿನೊಳಗೆ ಸೇರಿತು. ವೇದಿಕೆಯ ಮೇಲೆ ಅದನ್ನು ಓದುವಾಗ ಎರಡು ಸಲ ನಿಂತು ಕಣ್ಣು ಒರೆಸಿಕೊಂಡೆ. ಮೇಷ್ಟ್ರು ಚೌಕಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕನ್ನಡಕ ಹಾಕಿಕೊಂಡು ನೋಡುತ್ತಲೇ ಇದ್ದರು. ಅವರಿಗೂ ದುಃಖ ಬಂದಿದೆ ಅಂದುಕೊಂಡೆ.

ಕಾರ್ಯಕ್ರಮ ಮುಗಿದ ಮೇಲೆ ನನ್ನನ್ನು ವೇದಿಕೆಯ ಹಿಂದೆ ಕರೆದರು. ಜೇಬಿನಿಂದ ಕೆಂಪು ಪೆನ್ನು ತೆಗೆದು ಗಾಜಿನ ಮೇಲೆ ಗೀಚುತ್ತಿದ್ದರು. ಶಾಯಿ ಹಿಡಿಯುತ್ತಿರಲಿಲ್ಲ.

"ಇಲ್ಲಿ ನೋಡವ್ವ. 'ಅಭಿನಂಧನಾ ಪತ್ರ'. ಈ ದಕ್ಕ ಹೊಟ್ಟಿ ಸೀಳಿದವರು ಯಾರು?"

"ಪ್ರೆಸ್‌ನವರು ಇರಬೇಕು ಸರ್."

"ಬರದು ಕೊಟ್ಟವರು?"

"ನಾನು ಸರ್."

"ಅಚ್ಚಿಗೆ ಮುಂಚೆ ತಿದ್ದಿ ನೋಡಿದವರು?"

"ಅದೂ ನಾನೇ ಸರ್."

ಅವರು ಬೈಯಲಿಲ್ಲ. ಎಂಟನೇ ತರಗತಿಯಲ್ಲಿ ನನ್ನ ಕಾಪಿ ಪುಸ್ತಕ ಮರಳಿಸುವಾಗ ಮಾಡುತ್ತಿದ್ದಂತೆ ಒಮ್ಮೆ ತಲೆಯ ಮೇಲೆ ಕೈ ಇಟ್ಟರು. "ಅಭಿನಂದನೆಗೆ ಮಹಾಪ್ರಾಣ ಬ್ಯಾಡವ್ವ, ಅಲ್ಪಪ್ರಾಣ ಸಾಕು. ಈ ವಯಸ್ಸಿಗೆ ನನ್ನ ಕಡೆ ಉಳಿದಿರೋದೂ ಅಷ್ಟ."

ಕಮಲಾಪುರದ ಸೀಟಿ

ಡ್ರಿಲ್ ಮಾಸ್ತರರ ಬೀಳ್ಕೊಡುಗೆಗೆ ಹಳೆಯ ವಿದ್ಯಾರ್ಥಿಗಳು ವಿಪರೀತ ಬಂದಿದ್ದರು. ಬಾಳೆ ತೋಟದವರು, ಹಂಪಿಯಲ್ಲಿ ಪ್ರವಾಸಿಗರಿಗೆ ದಾರಿ ತೋರಿಸುವವರು, ಆಟೋದವರು, ಒಬ್ಬ ಪೊಲೀಸ್ ಇನ್ಸ್‌ಪೆಕ್ಟರು. ಫೋಟೋ ಅಂದದ್ದೇ ತಡ, ಎಲ್ಲರೂ ವೇದಿಕೆಗೆ ನುಗ್ಗಿದರು. ಬೆಂಚು ಜೋಡಿಸಿ ಮಾಡಿದ ವೇದಿಕೆ ಕಿರುಗುಟ್ಟಿತು. ನಾನು ಮೈಕಿನಲ್ಲಿ ಎಷ್ಟು ಬೇಡಿಕೊಂಡರೂ ಒಬ್ಬರೂ ಕೇಳಲಿಲ್ಲ. ಇನ್ಸ್‌ಪೆಕ್ಟರು ಕೈ ಎತ್ತಿ ಗದರಿಸಿದರೂ ಕೇಳಲಿಲ್ಲ.

ಮಾಸ್ತರರು ಹಾರದೊಳಗೆ ಕೈ ಹಾಕಿ ಸೀಟಿ ತೆಗೆದು ಒಂದೇ ಸಲ ಊದಿದರು. ಅರ್ಧ ನಿಮಿಷದಲ್ಲಿ ಅಷ್ಟೂ ಜನ ಕೆಳಗಿಳಿದು ಎತ್ತರದ ಪ್ರಕಾರ, ಗಿಡ್ಡರು ಮುಂದಾಗಿ, ಸಾಲಾಗಿ ನಿಂತರು. ಎಲ್ಲರಿಗಿಂತ ಮುಂದೆ ಇನ್ಸ್‌ಪೆಕ್ಟರು. ಅವರು ಎದೆ ಸೆಟೆಸಿ ಅಲುಗಾಡದೆ ನಿಂತೇ ನನಗೆ ಹೇಳಿದರು. "ಇಲಾಖೆಯಾಗ ಎರಡು ಸಲ ಪ್ರಮೋಷನ್ ಆತ್ರಿ ಮೇಡಂ. ಸರ್ ಹತ್ರ ಮಾತ್ರ ಇನ್ನಾ ಇದ ಜಾಗ."

ಬಾಗಿಲು ಬಡಿಯುವವರು

ಕುರೆಕುಪ್ಪದ ಬದಿಯ ಒಂದು ಕಾರ್ಮಿಕರ ಓಣಿಯ ಶಾಲೆ ಅದು. ಅಲ್ಲಿನ ಒಂದನೇ ತರಗತಿಯ ಟೀಚರು ಬಂದ ವರ್ಷದಿಂದ ಎಲ್ಲಿಗೂ ವರ್ಗಾವಣೆ ಕೇಳದೆ ಅಲ್ಲೇ ನಿವೃತ್ತರಾದವರು. ಆ ಓಣಿಯ ಮಕ್ಕಳ ಅಪ್ಪ ಅಮ್ಮ ಇಬ್ಬರೂ ನಸುಕಿಗೇ ಕಾರ್ಖಾನೆಯ ಶಿಫ್ಟಿಗೆ ಹೋಗುತ್ತಾರೆ. ಎಬ್ಬಿಸುವವರಿಲ್ಲದೆ ಮಕ್ಕಳು ಮಲಗಿಯೇ ಇರುತ್ತಿದ್ದವು, ಎದ್ದ ಮೇಲೆ ಲಾರಿಗಳ ನಡುವೆ ಅಲೆಯುತ್ತಿದ್ದವು. ಒಂದು ಮಗು ಹಾಗೆ ಗಾಲಿಗೆ ಸಿಗುವುದು ಕೂದಲೆಳೆಯಲ್ಲಿ ತಪ್ಪಿತಂತೆ. ಮರುದಿನದಿಂದ ಟೀಚರು ಮೊದಲ ಬಸ್ಸಿಗೆ ಬಂದು, ಮನೆಮನೆಯ ಬಾಗಿಲು ಬಡಿದು ಮಕ್ಕಳನ್ನು ಎಬ್ಬಿಸಿ ಕರೆದುಕೊಂಡು ಹೋಗತೊಡಗಿದರು. ಯಾರೂ ಹೇಳಿದ ಕೆಲಸವಲ್ಲ ಅದು.

ಬೀಳ್ಕೊಡುಗೆ ಶನಿವಾರ ಇತ್ತು. ಭಾಷಣಗಳ ಮಧ್ಯೆ ಒಬ್ಬ ತಾಯಿ ಎದ್ದು ನಿಂತಳು. ನಾನು ಮೈಕು ಕೊಡಹೋದೆ, ಬೇಡ ಅಂದಳು.

"ಟೀಚರಮ್ಮಗ ಸೀರಿ ಕೊಟ್ರಿ, ಚೊಲೋ ಆತು. ಸೋಮವಾರ ನಮ್ ಹುಡುಗರನ್ನ ಯಾರು ಎಬ್ಬಿಸ್ತಾರ?"

ಹೊಸದಾಗಿ ಬಂದಿದ್ದ ಟೀಚರು ಚಿಕ್ಕ ವಯಸ್ಸಿನವಳು, ಕೈಗೂಸಿನ ತಾಯಿ. ತಲೆ ತಗ್ಗಿಸಿ ಕೂತಳು. ನಿವೃತ್ತಿಯಾದವರ ಕಣ್ಣು ಅಷ್ಟು ಹೊತ್ತು ಒಣಗಿತ್ತು, ಆಗ ತುಂಬಿತು. ಅವರ ಮೊಣಕಾಲು ಸವೆದು ಹೋಗಿತ್ತು, ಬಸ್ ಹತ್ತುವುದೇ ಕಷ್ಟವಾಗಿತ್ತು.

ಆಗ ಹಿಂದಿನಿಂದ ಒಬ್ಬ ಮುದುಕಪ್ಪ ಕೋಲು ಊರಿಕೊಂಡು ಎದ್ದ. ಗಣಿಯಲ್ಲಿ ಕಾವಲಿಗಿದ್ದವನು, ಶಾಲೆಯ ಮೆಟ್ಟಿಲು ಹತ್ತಿದವನಲ್ಲ.

"ನಾ ಎಬ್ಬಿಸ್ತೀನಿ. ಹೆಂಗೂ ನನಗ ನಿದ್ದಿ ಇಲ್ಲ."

ಟೀಚರು ಚೀಲದಿಂದ ಹೆಸರಿನ ಪಟ್ಟಿ ತೆಗೆದರು. "ಯಜಮಾನ್ರ, ಯಾವ ಯಾವ ಮನಿ ಅಂತ ಇದರಾಗ ಐತಿ."

"ಓದಾಕ ಬರಂಗಿಲ್ರಿ. ಎಲ್ಲಾ ಬಾಗಲಾನೂ ಬಡೀತೀನಿ, ಬಿಡ್ರಿ."

ಸೋಮವಾರ ಬೆಳಿಗ್ಗೆ ಹೊಸ ಟೀಚರು ನನಗೆ ಫೋನ್ ಮಾಡಿದಳು. ದನಿಯಲ್ಲಿ ಗಾಬರಿ. "ಮೇಡಂ, ಮಕ್ಕಳು ಒಂದೂ ಬಿಡದಂಗ ಬಂದಾವ. ಆದ್ರ ಅಜ್ಜ ಓಣ್ಯಾಗಿನ ಎಲ್ಲಾ ಬಾಗಲಾ ಬಡದಾನ. ನೈಟ್ ಶಿಫ್ಟ್ ಮುಗಿಸಿ ಆಗಷ್ಟ ಮಲಗಿದ್ದ ಇಬ್ಬರು ಗಂಡಸರನ್ನೂ ಎಬ್ಬಿಸಿ, ಕೋಲು ಹಿಡಕೊಂಡು ಹಿಂದಿಂದ ನಡಿಸಿಕೊಂಡು ಬಂದಾನ. ನಿದ್ದಿಗಣ್ಣಾಗ ಅವರೂ ಬಂದು ಚಾಪಿ ಮ್ಯಾಲೆ ಕುಂತುಬಿಟ್ಟಾರ. ಈಗ ನಾ ಏನು ಮಾಡ್ಲಿ?"

ನಿವೃತ್ತಿಯಾದ ಟೀಚರಿಗೇ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಆ ಇಬ್ಬರ ಹೆಸರು ಕೇಳಿದರು. ಹೊಸ ಟೀಚರನ್ನು ವಿಚಾರಿಸಿ ಹೇಳಿದೆ.

"ಒಬ್ಬನ್ನ ಮನಿಗೆ ಕಳಿಸು ಅನ್ರಿ, ಪಾಪ, ಮಲಗಲಿ. ಇನ್ನೊಬ್ಬ ನನ್ನ ಹತ್ರನ ಒಂದನೇ ತರಗತಿ ಓದಿದಾವ. ಅವನ್ನ ಕುಂದ್ರಿಸಿಕೊಂಡು ಹಾಜರಿ ಹಾಕು ಅನ್ರಿ. ಆ ವರ್ಷ ಅವಂದು ಭಾಳ ಕಡಿಮಿ ಬಿದ್ದಿತ್ತು."