ಚಿಗವ್ವನನ್ನು ಹೊರಹಾಕಿದ ಟಿವಿ

ಮೊಬೈಲಿನಲ್ಲಿ ಆಗಾಗ ಒಂದು ಚೌಕ ಮೂಡಿ, ಏನನ್ನೋ ಕೇಳಿ, ಕೆಳಗೆ ಎರಡು ಗುಂಡಿ ತೋರಿಸಿ ನಿಮ್ಮನ್ನು ನಡುನೀರಿನಲ್ಲಿ ಕೈಬಿಡುತ್ತದಲ್ಲ, ಆ ಚೌಕದೊಳಗಿನ ಮಾತುಗಳನ್ನು ಬರೆಯುವವರು ಯಾರು ಎಂದು ಎಂದಾದರೂ ಯೋಚಿಸಿದ್ದೀರಾ? ಯೋಚಿಸಿರಲಾರಿರಿ, ಬೈದಿರುತ್ತೀರಿ ಅಷ್ಟೆ. ನೀವು ಬೈದವರಲ್ಲಿ ನಾನೂ ಒಬ್ಬ. ಪುಣೆಯ ಖರಾಡಿಯ ಒಂದು ಕಂಪನಿಯಲ್ಲಿ ಕೂತು ಆ್ಯಪುಗಳಿಗೆ ಇಂಥ ಸೂಚನೆ ಬರೆಯುವುದೇ ನನ್ನ ಹೊಟ್ಟೆಪಾಡು. 'ಆಗಲಿಲ್ಲ, ಇನ್ನೊಮ್ಮೆ ಒತ್ತಿ' ಎಂದು ಬರೆದರೆ ನಮ್ಮಲ್ಲಿ ನಡೆಯುವುದಿಲ್ಲ. ವಕೀಲರು ಒಂದು ಮಾತು ಸೇರಿಸುತ್ತಾರೆ, ಮ್ಯಾನೇಜರು ಒಂದು ಸೇರಿಸುತ್ತಾರೆ, ನಾನೇನು ಕಡಿಮೆ ಎಂದು ನಾನೂ ಒಂದು ಸೇರಿಸುತ್ತೇನೆ. ನಮ್ಮ ಸೊಸೈಟಿಯಲ್ಲಿ ಲಿಫ್ಟ್ ಕೆಟ್ಟಾಗಲೆಲ್ಲ 'ಲಿಫ್ಟ್ ಬಂದ್ ಆಹೇ' ಎಂದು ರಟ್ಟಿನ ಮೇಲೆ ಬರೆದು ತೂಗುಹಾಕುತ್ತಾರೆ. ಮರಾಠಿ ಬಾರದವರೂ ಅದನ್ನು ನೋಡಿ ಮೆಟ್ಟಿಲ ಕಡೆ ತಿರುಗುತ್ತಾರೆ. ಆ ರಟ್ಟನ್ನು ಕಂಡರೆ ನನಗೆ ಹೊಟ್ಟೆಕಿಚ್ಚು.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ಈಚೆಗೆ ಇಂಥದೇ ಒಂದು ಚೌಕ ನನ್ನ ಮನೆಗೇ ನುಗ್ಗಿ ನನ್ನ ಅವ್ವನಿಗೂ ಅವಳ ತಂಗಿಗೂ ಜಗಳ ಹಚ್ಚಿಬಿಟ್ಟಿತು. ಅವ್ವ ನಮ್ಮ ಜೊತೆ ಪುಣೆಯಲ್ಲಿದ್ದಾಳೆ. ತಂಗಿ ಗಂಗವ್ವ, ಅಂದರೆ ನನ್ನ ಚಿಗವ್ವ, ಕಲಬುರಗಿಯಲ್ಲಿ. ಮೊದಲೆಲ್ಲ ವರ್ಷಕ್ಕೊಮ್ಮೆ ಜೇಜುರಿಯಲ್ಲಿ ಇಬ್ಬರ ಭೇಟಿ. ಚಿಗವ್ವನ ಮನೆಯವರು ಗಾಡಿ ಮಾಡಿಕೊಂಡು ಖಂಡೋಬನ ದರ್ಶನಕ್ಕೆ ಬರುತ್ತಿದ್ದರು, ನಾವು ಇಲ್ಲಿಂದ ಹೋಗುತ್ತಿದ್ದೆವು. ದೇವರಿಗೆ ಒಂದು ಕೈ ಮುಗಿದು, ಅಕ್ಕತಂಗಿಯರು ಮೈಯೆಲ್ಲ ಭಂಡಾರದ ಅರಿಸಿನ ಬಳಿದುಕೊಂಡು ಮೆಟ್ಟಿಲ ಮೇಲೆ ಕೂತರೆಂದರೆ ಎಬ್ಬಿಸುವವರ ಗಂಟಲು ಒಣಗುತ್ತಿತ್ತು. ಆಮೇಲೆ ಇಬ್ಬರ ಮೊಣಕಾಲೂ ಒಂದೇ ಸಲ ಮುಷ್ಕರ ಹೂಡಿದವು. ಭೇಟಿ ನಿಂತಿತು.

ಆಗ ಸಿಕ್ಕಿದ್ದು ಆ ಆಟ. ಮೊಬೈಲಿನಲ್ಲೇ ಒಂದು ಮನೆ ಕಟ್ಟಬಹುದು, ಕುರ್ಚಿ ಮೇಜು ಹಾಕಬಹುದು, ಬೇರೆ ಊರಿನಲ್ಲಿರುವವರನ್ನು ಆ ಮನೆಗೆ ಕರೆಯಬಹುದು. ಅವ್ವನ ಖಾತೆ ತೆರೆದುಕೊಟ್ಟವನು ನಾನೇ. ಅದು ಕೇಳಿದ್ದಕ್ಕೆಲ್ಲ ಸರಿ, ಸರಿ ಎಂದು ಒತ್ತುತ್ತಾ ಹೋದೆ. ನನ್ನ ಕಸುಬಿನವರು ಯಾರೂ ಇನ್ನೊಬ್ಬರು ಬರೆದದ್ದನ್ನು ಓದುವುದಿಲ್ಲ. ಅವ್ವ ಅಲ್ಲಿ ಎರಡಂತಸ್ತಿನ ಮನೆ ಕಟ್ಟಿದಳು, ಅಂಗಳದಲ್ಲಿ ಒಂದು ಕುಂಡ ಇಟ್ಟು ಅದರೊಳಗಿನ ಯಾವುದೋ ಪರದೇಶದ ಗಿಡಕ್ಕೆ ತುಳಸಿ ಎಂದು ಹೆಸರಿಟ್ಟಳು. ಚಿಗವ್ವ ಫೋನಿನಲ್ಲಿ ಅಕ್ಕನನ್ನು ಕೇಳಿ ಕೇಳಿ ತನ್ನ ಖಾತೆ ತಾನೇ ತೆರೆದಳು. ಮಧ್ಯಾಹ್ನ ಊಟವಾದ ಮೇಲೆ ಇಬ್ಬರ ಬೊಂಬೆಗಳೂ ಒಂದೇ ಸೋಫಾದ ಮೇಲೆ ಕೂತು, ಆ ಮನೆಯ ಟಿವಿಯಲ್ಲಿ ಬರುವ ದೆವ್ವದ ಧಾರಾವಾಹಿ ನೋಡುವುದು, ಜೊತೆಗೆ ಮಾತಾಡುವುದು. ನಿಜವಾದ ಮನೆಯಲ್ಲಿ ನಿಜವಾದ ಟಿವಿ ಧೂಳು ಹಿಡಿಯುತ್ತಿತ್ತು.

ಹೀಗಿರಲಾಗಿ ಆಟ ಒಂದು ದಿನ ಹೊಸ ರೂಪ ತಾಳಿತು. ಅವ್ವ ಟಿವಿ ಹಚ್ಚಿದೊಡನೆ ಚೌಕ ಮೂಡಿತು. ಅದರಲ್ಲಿ ಇದ್ದದ್ದು ಇಷ್ಟು: 'ನಿರ್ಬಂಧಿತ ದೂರದರ್ಶನ ವಿಷಯವನ್ನು ಅನರ್ಹ ಸಂದರ್ಶಕರಿಗೆ ತೋರಿಸದಿರುವ ಆಯ್ಕೆಯನ್ನು ನೀವು ನಿಷ್ಕ್ರಿಯಗೊಳಿಸದೆ ಇರಲು ಬಯಸುವುದಿಲ್ಲವೇ?' ಕೆಳಗೆ 'ಹೌದು', 'ಅಲ್ಲ'.

ಅವ್ವ ಅದನ್ನು ಮನೆತನದ ಪ್ರಶ್ನೆಯಾಗಿ ತೆಗೆದುಕೊಂಡಳು. "ಮನೀಗೆ ಬಂದವ್ರಿಗೆ ಇದು ನೋಡಬ್ಯಾಡ್ರಿ, ಅದು ನೋಡಬ್ಯಾಡ್ರಿ ಅಂತ ನಾವು ಹೇಳೂದ? ಛೇ!" ಎಂದು 'ಅಲ್ಲ' ಒತ್ತಿದಳು. ದೆವ್ವ ಬಾಗಿಲ ಸಂದಿನಿಂದ ಇಣುಕುವ ಹೊತ್ತಿಗೆ ಸರಿಯಾಗಿ ಚಿಗವ್ವನ ಬೊಂಬೆ ಸೋಫಾದಿಂದ ಮಾಯವಾಗಿ ಅಂಗಳದಲ್ಲಿ ತುಳಸಿಯ ಪಕ್ಕ ನಿಂತಿತ್ತು. ಬಾಗಿಲು ಹಾಕಿತ್ತು.

ಮರುದಿನ 'ಹೌದು' ಒತ್ತಿ ನೋಡಿದಳು. ಈ ಸಲ ಚಿಗವ್ವ ಒಳಗೇ ಉಳಿದಳು. ಆದರೆ ಟಿವಿಯಲ್ಲಿ ದೆವ್ವದ ಬದಲು ಒಂದು ಮೊಲ ಬಂದು, ಕುಣಿಯುತ್ತಾ, ಒಂದು ಎರಡು ಮೂರು ಎಂದು ಅಂಕಿ ಕಲಿಸತೊಡಗಿತು.

ಅಷ್ಟೇ ಆಗಿದ್ದರೆ ನಕ್ಕುಬಿಡಬಹುದಿತ್ತು. ಆದರೆ ಅಕ್ಕತಂಗಿಯರಲ್ಲಿ ಅವ್ವ ಏಳನೆಯ ಇಯತ್ತೆಯವರೆಗೆ ಓದಿದವಳು. ಚಿಗವ್ವನನ್ನು ಮಾತ್ರ ಮನೆಗೆಲಸಕ್ಕೆಂದು ಎರಡನೆಯದಕ್ಕೇ ಬಿಡಿಸಿದ್ದರು. ಆ ನೋವು ಅವಳಿಗೆ ಇನ್ನೂ ಆರಿಲ್ಲ. ಫೋನಿನಲ್ಲಿ ಅವಳ ದನಿ ನನಗೂ ಕೇಳಿಸಿತು. "ನಿನ್ನೆ ಎತ್ತಿ ಅಂಗಳಕ್ಕ ಒಗದಿ, ಸುಮ್ನಿದ್ದೆ. ಇವತ್ತು ಅಂಕಿ ಕಲಸ್ಲಿಕ್ಕೆ ಹತ್ತೀದಿ. ನಾ ಸಾಲಿ ಕಲೀಲಿಲ್ಲಂತ ಆಡಿಕೊಳ್ಳಾಕ ಕರದೀ ಏನಕ್ಕಾ?" ಫೋನು ಇಟ್ಟಳು. ಆಮೇಲೆ ಅವಳ ಫೋನು ಬರಲಿಲ್ಲ, ಅವ್ವ ಮಾಡಿದರೆ ಎತ್ತಲಿಲ್ಲ.

ಅವ್ವ ಊಟವಾದ ಮೇಲೆ ಮೊಬೈಲ್ ಹಿಡಿದು ಆ ಖಾಲಿ ಸೋಫಾ ನೋಡುತ್ತಾ ಕೂರುತ್ತಿದ್ದಳು. ನನಗೆ ಪಾಪ ಎನ್ನಿಸಿತು. ಜೊತೆಗೆ, ಸತ್ಯವನ್ನೇ ಹೇಳಿಬಿಡುತ್ತೇನೆ, ಸ್ವಲ್ಪ ಹುರುಪೂ ಬಂತು. ಮನೆಯಲ್ಲಿ ಕೊನೆಗೂ ನನ್ನ ವಿದ್ಯೆಗೆ ಒಂದು ಕೆಲಸ ಸಿಕ್ಕಿತ್ತು. ಆ ವಾಕ್ಯವನ್ನು ಕಾಗದದ ಮೇಲೆ ಬರೆದು, ಅದರೊಳಗಿನ ಇಲ್ಲ-ಬೇಡಗಳನ್ನು ಎರಡೆರಡಾಗಿ ಹೊಡೆದುಹಾಕುತ್ತಾ ಹೋದೆ. ಬೆಳಿಗ್ಗೆ ಮಾಡಿದಾಗ ಉತ್ತರ 'ಹೌದು' ಬರುತ್ತಿತ್ತು, ಚಹಾ ಕುಡಿದು ಮಾಡಿದಾಗ 'ಅಲ್ಲ' ಬರುತ್ತಿತ್ತು. ಹೆಂಡತಿ ಸುನಂದಾ ಮೆಂತ್ಯ ಸೋಸುತ್ತಾ ಒಮ್ಮೆ ಬಗ್ಗಿ ಓದಿದಳು. "ರೀ, ಇದು ನೀವ ಬರದಂಗ ಅದ ನೋಡ್ರಿ" ಎಂದಳು. ಇಪ್ಪತ್ತು ವರ್ಷದ ದಾಂಪತ್ಯದಲ್ಲಿ ಅವಳು ನನ್ನ ಬರವಣಿಗೆಯ ಬಗ್ಗೆ ಆಡಿದ ಮೊದಲ ಮಾತು ಅದು. ನಾನು ಗಂಭೀರವಾಗಿ ಕರ್ತೃ, ಕರ್ಮ ಎಂದು ವಿವರಿಸಹೊರಟೆ. ಅವಳು ತಡೆದಳು. "ಅದೆಲ್ಲಾ ಇರಲಿ. ಮೊಲಾ ಯಾಕ ಬಂತು? ಮೊಲಾ ಬರೂದು ಸಣ್ಣ ಹುಡುಗರಿಗಲ್ಲೇನ್ರಿ? ಚಿಗವ್ವಾರ್ನ ಅದು ಸಣ್ಣ ಹುಡುಗಿ ಅಂತ ತಿಳಕೊಂಡದ ಏನು?"

ಚಿಗವ್ವನಿಗೆ ಸಿಟ್ಟಿದ್ದದ್ದು ಅಕ್ಕನ ಮೇಲೆ, ನನ್ನ ಮೇಲಲ್ಲ. ನಾನು ಮಾಡಿದ ಫೋನು ಎತ್ತಿದಳು.

"ಚಿಗವ್ವಾ, ಆಟದಾಗ ನಿನ್ನ ವಯಸ್ಸು ಎಷ್ಟಂತ ಹಾಕೀದಿ?"

"ಹನ್ನೆರಡು."

"ಹನ್ನೆರಡಾ?"

"ಮತ್ತ? ಅಕ್ಕನ ಹೆಸರಿನ ಬಾಜೂಕ ಹದಿನಾಲ್ಕು ಅಂತ ಅದ. ನಾ ಆಕಿಗಿಂತ ಎರಡು ವರ್ಷ ಸಣ್ಣಾಕಿ. ಅಕ್ಕಗ ಹದಿನಾಲ್ಕು ಇದ್ದಾಗ ನಾ ಅರವತ್ತೈದು ಅಂತ ಹಾಕಿದ್ರ ಮಂದಿ ಏನಂದಾರು? ದೊಡ್ಡಾಕಿ ಆಗಿ ಅಕ್ಕನ್ನ ಕಾಲಿಗೆ ಬೀಳಿಸಿಕೊಳ್ಳೂದಾ?"

ಅವ್ವನಿಗೆ ಹದಿನಾಲ್ಕು ಹಾಕಿದವನು ಯಾರು ಎಂದು ನಿಮಗೆ ಹೇಳಬೇಕಿಲ್ಲ. ಸರಿ, ಸರಿ ಎಂದು ಒತ್ತುತ್ತಾ ಹೋದಾಗ ಆಟ ತಾನೇ ತೋರಿಸಿದ ಹುಟ್ಟಿದ ವರ್ಷಕ್ಕೂ ಸರಿ ಎಂದಿದ್ದೆ. ಹದಿನಾಲ್ಕು ತುಂಬದವರಿಗೆ ದೆವ್ವ ತೋರಿಸಬಾರದೆಂದು ಆಟದ ಹೊಸ ನಿಯಮ. ಅಕ್ಕ ಪಾರಾಗಿದ್ದಳು, ತಂಗಿ ಸಿಕ್ಕಿಬಿದ್ದಿದ್ದಳು.

ವಿಷಯ ತಿಳಿದ ಅವ್ವ ನನ್ನ ಫೋನಿನಿಂದಲೇ ತಂಗಿಗೆ ಮಾಡಿದಳು. "ಗಂಗಾ, ಆ ಮೊಲಾ ನಾ ಕಳಿಸಿದ್ದಲ್ಲವ್ವಾ" ಎಂದಳು. ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು, ಅದರ ಹಿಂದೆಯೇ ನಗು. "ಖರೇ ಹನ್ನೆರಡು ಇದ್ದಾಗ ಎಲ್ಲಿ ಟಿವಿ ಇತ್ತಕ್ಕಾ, ಎಲ್ಲಿ ಸೋಫಾ ಇತ್ತು? ಈಗರೆ ನೋಡೂಣಂತ" ಎಂದಳು. ನಾನು ಬಾಲ್ಕನಿಗೆ ಹೋಗಿ ನಿಂತೆ. ಕಣ್ಣಿಗೆ ಏನೋ ಬಿದ್ದಿತ್ತು ಎಂದು ಸುನಂದಾಳಿಗೆ ಹೇಳಿದೆ, ಅವಳು ನಂಬಲಿಲ್ಲ.

ಉಳಿದದ್ದು ರಿಪೇರಿ. ಒಮ್ಮೆ ಹಾಕಿದ ವಯಸ್ಸನ್ನು ಆ ಆಟ ತಿದ್ದಗೊಡುವುದಿಲ್ಲ. ಅವ್ವನಿಗೆ ಹೊಸ ಖಾತೆ ತೆರೆದರೆ ಎರಡಂತಸ್ತಿನ ಮನೆ, ತುಳಸಿ, ಎಲ್ಲ ಹೋಗುತ್ತದೆ. ಚಿಗವ್ವನಿಗೆ ತೆರೆದು ನಿಜವಾದ ವಯಸ್ಸು ಹಾಕಿದರೆ ಅವಳು ಅಕ್ಕನಿಗಿಂತ ದೊಡ್ಡವಳಾಗುತ್ತಾಳೆ, ಅದಂತೂ ಸಾಧ್ಯವೇ ಇಲ್ಲ. ಉಳಿದದ್ದು ಒಂದೇ ದಾರಿ. ಪಾಲಕರೊಬ್ಬರು ಒಪ್ಪಿದರೆ ಮಗು ದೆವ್ವ ನೋಡಬಹುದು. ಹೀಗಾಗಿ ನಾನು ನನ್ನ ಚಿಗವ್ವನ ಪಾಲಕನಾದೆ. "ಕುಂಡಿ ತೊಳದು ಬೆಳಸಿದ ಹುಡುಗ ಈಗ ನನ್ನ ಪಾಲಕ ಆಗ್ಯಾನ" ಎಂದು ಅವಳು ಕಲಬುರಗಿಯ ಓಣಿಗೆಲ್ಲ ಹೇಳಿಕೊಂಡು ಬಂದಳಂತೆ.

ಪಾಲಕತ್ವ ಸುಲಭದ್ದಲ್ಲ. ನಿತ್ಯ ಮಧ್ಯಾಹ್ನ, ನಾನು ಆಫೀಸಿನ ಮೀಟಿಂಗಿನಲ್ಲಿ ಸೂಚನೆಗಳನ್ನು ಸರಳಗೊಳಿಸುವುದು ಹೇಗೆಂದು ಭಾಷಣ ಮಾಡುತ್ತಿರುವಾಗ, ನನ್ನ ಫೋನಿನಲ್ಲಿ ಚೌಕ ಮೂಡುತ್ತದೆ: 'ನಿಮ್ಮ ಪಾಲನೆಯಲ್ಲಿರುವ ಮಗುವಿಗೆ ಈ ವಿಷಯವನ್ನು ತಡೆಹಿಡಿಯದಿರುವುದನ್ನು ನೀವು ನಿರಾಕರಿಸುವುದಿಲ್ಲವೇ?' ಅದೇ 'ಹೌದು', ಅದೇ 'ಅಲ್ಲ'. ನಿನ್ನೆ ನಡೆದದ್ದು ಇವತ್ತು ನಡೆಯುತ್ತದೆಂಬ ಭರವಸೆಯೂ ಇಲ್ಲ, ಒಮ್ಮೊಮ್ಮೆ ಅವರು ವಾಕ್ಯವನ್ನು ಸುಧಾರಿಸಿರುತ್ತಾರೆ. ಅರ್ಥ ಮಾಡಿಕೊಳ್ಳುವ ಆಸೆಯನ್ನು ನಾನು ಬಿಟ್ಟುಬಿಟ್ಟಿದ್ದೇನೆ. ಯಾವುದಾದರೂ ಒಂದನ್ನು ಒತ್ತಿ, ಭಾಷಣ ಮುಂದುವರಿಸುತ್ತಾ, ಒಂದು ಕಿವಿ ಫೋನಿನ ಕಡೆ ಇಟ್ಟಿರುತ್ತೇನೆ. ಅದು ರಿಂಗಾಗಿ, ಕಲಬುರಗಿಯಿಂದ "ಪಾಲಕ್ರೇ, ಮೊಲಾ ಬಂತು" ಎಂದು ಕೇಳಿಸಿದರೆ, ಇನ್ನೊಂದನ್ನು ಒತ್ತುತ್ತೇನೆ.