ಹಾವುರಾಣಿ ತಂದ ಅತ್ತೆ

ನನ್ನ ಸೋದರತ್ತೆಗೆ ಸಿಟ್ಟು ಬರುತ್ತದೆ ಅನ್ನುವುದು ತಪ್ಪು. ಸಿಟ್ಟು ಆಕೆಯ ಮನೆಯಲ್ಲೇ ಇದೆ. ಸಮಾಧಾನ ಮಾತ್ರ ಆಗೊಮ್ಮೆ ಈಗೊಮ್ಮೆ ನೆಂಟರ ಹಾಗೆ ಬಂದು, ಚಹಾ ಕುಡಿದು ಹೋಗುತ್ತದೆ.

ಕಂಗ್ಟಿ ಹತ್ತಿರದ ಹಳ್ಳಿಯಲ್ಲಿ ಆಕೆಗೆ ಒಂದಿಷ್ಟು ಹೊಲ, ಕೆಲವು ಕುರಿ, ಒಂದು ಗೊಬ್ಬರದ ತಿಪ್ಪೆ. ಊರಿನವರ ಮೇಲೆ ಸಿಟ್ಟು, ಬಸ್ಸಿನ ಕಂಡಕ್ಟರನ ಮೇಲೆ ಸಿಟ್ಟು, ಸುಮ್ಮನೆ ತೇಲಿ ಹೋಗುವ ಮೋಡದ ಮೇಲೂ ಸಿಟ್ಟು. ತಿಪ್ಪೆಯ ಹುಳಹುಪ್ಪಟೆಗೆ ಮಾತ್ರ ಒಂದು ಮಾತು ಅನ್ನುವವಳಲ್ಲ. ಇದೆಂಥ ನ್ಯಾಯ?

ನಾನು ನಾರಾಯಣಖೇಡದಲ್ಲಿ ವಿಜ್ಞಾನದ ಮಾಸ್ತರ. ಹೋದ ವರ್ಷ ಮಳೆ ಶುರುವಾದ ಹೊಸದರಲ್ಲಿ, ಒಂದು ಭಾನುವಾರ ಆಕೆಯ ತಿಪ್ಪೆ ಕೆದರಿ ಕೊಡಲು ಹೋಗಿದ್ದೆ. ಗುದ್ದಲಿ ಹಾಕಿದಲ್ಲಿ ಬೆರಳು ದಪ್ಪದ, ತಾಮ್ರದ ಬಣ್ಣದ ಹಾವೊಂದು ಹೊರಳಿತು. ಹೊಡೆಯಲು ಗುದ್ದಲಿ ಎತ್ತಿದೆ. ಏಟು ಬಿದ್ದದ್ದು ನನ್ನ ಬೆನ್ನಿಗೆ.

“ಹಾವಲ್ಲಲೇ ಅದು, ಹಾವುರಾಣಿ. ಕಣ್ಣ ನೋಡು,” ಎಂದು ಅತ್ತೆ ಅದನ್ನು ಅಂಗೈಗೆ ತೆಗೆದುಕೊಂಡಳು. ಅದು ಕಣ್ಣು ಮಿಟುಕಿಸಿತು.

“ಹಾವಿಗಿ ರೆಪ್ಪಿ ಇರ್ತಾವೇನೋ ಮಾಸ್ತರ? ಕಿವಿ ತೂತು ಇರ್ತಾವೇನು? ಕಾಲರೆ ಕಾಣವಲ್ಲವೇನು?”

ಹೊಟ್ಟೆಯ ಪಕ್ಕ ಅಕ್ಕಿ ನುಚ್ಚಿನಷ್ಟು ನಾಲ್ಕು ಕಾಲು ನಿಜಕ್ಕೂ ಇದ್ದವು. ಹಾವಿಗೆ ರೆಪ್ಪೆಯಿಲ್ಲ ಎಂದು ಹಿಂದಿನ ವಾರವಷ್ಟೇ ನಾನೇ ಬೋರ್ಡಿನ ಮೇಲೆ ಬರೆದಿದ್ದೆ. ಮಾನ ಉಳಿಸಿಕೊಳ್ಳಬೇಕಲ್ಲ? “ಪೂರ್ವದ ಸಮುದ್ರದ ಕಡೆ ಹಾವುರಾಣ್ಯಾಗ ಕಾಲೇ ಇಲ್ಲದ ಜಾತಿ ಅದ ಅತ್ತಿ. ಸಡಿಲ ಮಣ್ಣಿನ ಒಳಗೇ ಇರ್ತದ,” ಅಂದೆ.

“ಮಣ್ಣಾಗ ಈಜಾಡಾಕ ಕಾಲ ಯಾಕ? ಅಡ್ಡ ಬರ್ತಾವ. ಇದರವೂ ನಾಕ ದಿನಕ್ಕ ಹೋಗ್ತಾವ.”

ಲಕ್ಷಗಟ್ಟಲೆ ವರ್ಷಗಳ ಕೆಲಸವನ್ನು ಆಕೆ ನಾಲ್ಕು ದಿನಕ್ಕೆ ಮುಗಿಸಿಬಿಟ್ಟಳು.

“ಹುಡುಗುರಿಗಿ ಏನ್ ಕಲಿಸ್ತಿ?” ಎಂದಳು.

“ಹಾವಿನಂಥದ್ದು ಕಂಡ್ರ ದೊಡ್ಡವರನ್ನ ಕರೀರಿ ಅಂತ.”

“ದೊಡ್ಡವರು ಅಂದ್ರ ನಿನ್ನಂಥವರೇನು?”

ಮರುದಿನ ಏಳನೇ ತರಗತಿಯಲ್ಲಿ ಪಾಠ ಮಾಡುತ್ತಿದ್ದೆ. ಬಾಗಿಲಲ್ಲಿ ಅತ್ತೆ. ಕೈಯಲ್ಲಿ ಮಣ್ಣು ತುಂಬಿದ ಡಬ್ಬಿ. ಮೇಜಿನ ಮೇಲೆ ಸುರುವಿಯೇಬಿಟ್ಟಳು; ಹಾವುರಾಣಿ ಹೊರಬಿತ್ತು. ಗದ್ದಲ ಕೇಳಿ ಬಂದ ಹೆಡ್‌ಮಾಸ್ತರರು ಹಾವು ಎಂದವರೇ ಕುರ್ಚಿ ಹತ್ತಿದರು.

“ಇಳೀರಿ ಸಾಹೇಬ್ರ,” ಎಂದಳು ಅತ್ತೆ. “ಇದು ಕಡಿಯಂಗಿಲ್ಲ. ಕುರ್ಚಿ ಮುರೀತದ.”

ಮಕ್ಕಳು ನಕ್ಕಿದ್ದು ಬಸ್‌ಸ್ಟ್ಯಾಂಡಿಗೆ ಕೇಳಿರಬೇಕು. ಅತ್ತೆ ಅಷ್ಟಕ್ಕೇ ಬಿಡಲಿಲ್ಲ. ಇದು ಗೆದ್ದಲು ತಿನ್ನುತ್ತದೆ, ಹಿಡಿದರೆ ಬಾಲ ಬಿಟ್ಟು ಓಡುತ್ತದೆ, ಬಾಲ ಮತ್ತೆ ಬೆಳೆಯುತ್ತದೆ ಎಂದು ಗದರಿಸುತ್ತಲೇ ಹೇಳಿದಳು. ಕೊನೆಗೆ ನನ್ನತ್ತ ತಿರುಗಿ, “ನಿಮ್ಮ ಮಾಸ್ತರ ಇದನ್ನ ಹೊಡಿಯಾಕ ಹೋಗಿದ್ದ,” ಎಂದು ಅದನ್ನು ಮಣ್ಣಿನ ಸಮೇತ ಡಬ್ಬಿಗೆ ತುಂಬಿ, ಮುಚ್ಚಿಕೊಂಡು ಹೋದಳು.

ಮೈ ಉರಿದು ಹೋಯಿತು. ಈಕೆ ಇನ್ನು ಗೇಟಿನೊಳಗೆ ಬರಕೂಡದು ಎಂದು ಹೆಡ್‌ಮಾಸ್ತರರು ಹೇಳಿದಾಗ, ನಾನೇ ಮೊದಲು ಹೌದು ಅಂದೆ. ಶನಿವಾರ ಸಂಜೆ ಕಂಗ್ಟಿ ಬಸ್ಸು ಹತ್ತಿದ್ದು ಜಗಳಕ್ಕೆಂದೇ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡಿದ್ದೆ.

ಅತ್ತೆ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದಳು. ನಾನು ಬಾಯಿ ತೆಗೆಯುವ ಮೊದಲೇ ಕೇಳಿದಳು: “ಹುಡುಗುರು ಏನಂದ್ರು?”

ಆ ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಗಾಬರಿಯಾಯಿತು.

“ನಿಮ್ಮಪ್ಪನ್ನ ಸಾಲಿಗಿ ಹಾಕಿದ್ರು. ನನ್ನ ಕುರಿ ಹಿಂದ ಕಳಿಸಿದ್ರು. ಸಾಲಿ ಒಳಗ ನಾ ಕಾಲ ಇಟ್ಟಿದ್ದು ಮೊನ್ನಿ ಸೋಮವಾರನ ಮದಲ,” ಅಂದಳು. “ನಾ ಹೇಳಿದ್ದು ಅಷ್ಟೂ ಮಂದಿ ಕೇಳಿದ್ರಲ್ಲೋ. ಮತ್ತ ಕರೀತಾರೇನು?”

“ಕರೀತಾರ ಅತ್ತಿ,” ಅಂದೆ. ನನ್ನ ಬೈಗುಳ ಎಲ್ಲಿ ಹೋದವೋ.

ಸೋಮವಾರ ಜಗಳವಾಡಿದ್ದು ಹೆಡ್‌ಮಾಸ್ತರರ ಜೊತೆ. ನಮ್ಮ ವಂಶದ ಸಿಟ್ಟು ನನಗೂ ಬಂದಿದೆ ಎಂದು ಅವತ್ತು ತಿಳಿಯಿತು. ಅರ್ಧ ಗಂಟೆ ಕೂಗಾಡಿದ ಮೇಲೆ ಅವರು ಒಪ್ಪಿದರು.

ಗುರುವಾರ ಅತ್ತೆ ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಳು. ನನ್ನ ಕುರ್ಚಿ ಎಳೆದು ಕೊಟ್ಟೆ. ಆಕೆ ಅದರತ್ತ ನೋಡಲಿಲ್ಲ. ಮುಂದಿನ ಬೆಂಚಿನ ಹುಡುಗಿಯರಿಗೆ, “ಸ್ವಲ್ಪ ಸರೀರೇ,” ಅಂದಳು. ಅವರು ಸರಿದರು. ನಡುವೆ ಕೂತು, ಸೆರಗು ಸರಿಮಾಡಿಕೊಂಡು, ಎರಡೂ ಕೈ ಬೆಂಚಿನ ಮೇಲಿಟ್ಟಳು.

“ನಂದು ಆಮ್ಯಾಲ ಹೇಳ್ತೀನಿ,” ಅಂದಳು. “ಮದಲ ನೀ ಪಾಠ ಮಾಡು.”