ಶೂ ಪಾಲಿಶ್ ಹಚ್ಚಿದ ಪಿಸ್ತೂಲು

ಬಂದೂಕಿನ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ಇಪ್ಪತ್ತೆಂಟು ವರ್ಷ ಭಾರತೀಯ ಸೇನೆಯಲ್ಲಿ ಅದನ್ನು ಹೊತ್ತು ತಿರುಗಿದವನು ನಾನು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ರೈಫಲ್ ಬಿಚ್ಚಿ ಮತ್ತೆ ಜೋಡಿಸುತ್ತಿದ್ದೆ. ಒಮ್ಮೆ ಹಾಗೆ ಜೋಡಿಸಿದ ಮೇಲೆ ಒಂದು ಸ್ಪ್ರಿಂಗ್ ಕೈಯಲ್ಲೇ ಉಳಿದಿತ್ತು. ಆ ಮಾತು ಬೇರೆ!

ಇಂತಹ ಸುಬೇದಾರ್ ಮಾದಪ್ಪನಾದ ನಾನು, ಮಗಳ ಬಾಣಂತನಕ್ಕೆಂದು ಹೆಂಡತಿ ಮುತ್ತಮ್ಮನ ಜೊತೆ ಕೊಡಗಿನಿಂದ ಜರ್ಮನಿಗೆ ಬಂದಿಳಿದೆ. ರೇಗನ್ಸ್‌ಬರ್ಗಿನಿಂದ ಅರ್ಧ ಗಂಟೆ ದೂರದ ಊರು. ಮಗಳು ದೇಚಮ್ಮ ಚಿಪ್ ಕಾರ್ಖಾನೆಯಲ್ಲಿ ಇಂಜಿನಿಯರ್. ಅಳಿಯ ವೀರೇಶ ಧಾರವಾಡದವನು, ಕಾರಿನ ಬ್ರೇಕ್ ಮಾಡುವ ಕಂಪನಿಯಲ್ಲಿದ್ದಾನೆ. ಅವನಿಗೆ ನಮ್ಮ ಕೊಡವ ಮಾತು ಬಾರದ ಕಾರಣ ಮನೆಯಲ್ಲಿ ಎಲ್ಲರದೂ ಕನ್ನಡವೇ.

ಬಂದ ಮೊದಲ ವಾರ ಮಗಳನ್ನು ತಪಾಸಣೆಗೆ ಕರೆದುಕೊಂಡು ಹೋದೆವು. ಸರಕಾರಿ ಆಸ್ಪತ್ರೆ. ಗಾಜಿನ ಬಾಗಿಲ ಮೇಲೆ ಒಂದು ಚಿತ್ರ ಅಂಟಿಸಿದ್ದರು: ಒಂದು ಪಿಸ್ತೂಲು, ಒಂದು ಚಾಕು, ಎರಡರ ಮೇಲೂ ಕೆಂಪು ಗೆರೆ. ಕೆಳಗೆ ಸಣ್ಣಕ್ಷರದಲ್ಲಿ ನಾಲ್ಕು ಸಾಲು ಜರ್ಮನ್. ಆ ನಾಲ್ಕು ಸಾಲನ್ನು ನಾನು ಓದಿಸಿ ಕೇಳಲಿಲ್ಲ. ಚಿತ್ರ ನೋಡಿದ್ದೇ ಸಾಕಾಗಿತ್ತು, ಅವಮಾನವಾಗಲು!

ಅದೇ ಸಂಜೆ ಕೆಳಗಿನ ಮನೆಯ ಹೆಲ್ಮುಟ್‌ನ ಹತ್ತಿರ ಹೇಳಿಕೊಂಡೆ. ಎಪ್ಪತ್ತೈದರ ಮುದುಕ, ಜರ್ಮನ್ ಸೇನೆಯಿಂದ ನಿವೃತ್ತ. ಅವನ ಇಂಗ್ಲಿಷ್ ನಿಧಾನ, ನನ್ನದು ಮಿಲಿಟರಿ ಇಂಗ್ಲಿಷ್. ಇಬ್ಬರಿಗೂ ಕ್ರಿಯಾಪದ ಕಡಿಮೆ, ಹಾಗಾಗಿ ಚೆನ್ನಾಗಿ ಹೊಂದಿಕೆಯಾಗಿತ್ತು.

"ಈ ನಿಷೇಧ ಸಾಮಾನ್ಯ ಜನಕ್ಕೆ ಸರಿ," ಎಂದೆ. "ಮಾಜಿ ಸೈನಿಕನಿಗೆ ಯಾಕೆ? ಬಂದೂಕು ಸುರಕ್ಷಿತವಾಗಿರುವುದೇ ನಮ್ಮ ಕೈಯಲ್ಲಿ!"

"ನಾನು ನಿಷೇಧದ ಪರ," ಎಂದ ಹೆಲ್ಮುಟ್.

"ನೀನೂ ಸೈನಿಕನಲ್ಲವೇ?"

"ಅದಕ್ಕೇ ಪರ."

ಇಂಥವನಿಗೆ ಅನುಭವದ ಮಾತಿನಿಂದಲೇ ಉತ್ತರ ಕೊಡಬೇಕು. ನಾನು ನನ್ನ ಪ್ರಸಿದ್ಧ ಕಥೆ ತೆಗೆದೆ. ಹವಾಲ್ದಾರನಾಗಿದ್ದಾಗ ಮಿಲಿಟರಿ ಆಸ್ಪತ್ರೆಯ ಗೇಟಿನಲ್ಲಿ ನನ್ನ ಡ್ಯೂಟಿ. ಒಬ್ಬ ಕರ್ನಲ್ ಸಾಹೇಬರು ಸೊಂಟದಲ್ಲಿ ಪಿಸ್ತೂಲಿಟ್ಟುಕೊಂಡು ಒಳಗೆ ನುಗ್ಗಲು ಬಂದರು. ನಾನು ಸೆಲ್ಯೂಟ್ ಹೊಡೆದೆ, ಅಡ್ಡ ನಿಂತೆ. ಪಿಸ್ತೂಲು ಕಳಚಿಸಿ, ರಿಜಿಸ್ಟರಿಗೆ ಸಹಿ ಹಾಕಿಸಿಯೇ ಒಳಗೆ ಬಿಟ್ಟೆ!

ಹೆಲ್ಮುಟ್ ತಲೆಯಾಡಿಸಿದ. "ಹಾಗಾದರೆ ನಿನಗೂ ಗೊತ್ತು."

"ಅದು ಬೇರೆ."

"ಹೇಗೆ ಬೇರೆ?"

"ಆವತ್ತು ಗೇಟಿನಲ್ಲಿ ನಾನಿದ್ದೆ!"

ಇಷ್ಟಾದ ಮೇಲೂ ಸುಮ್ಮನಿರಬಹುದಿತ್ತು. ಇರಲಾರದ್ದಕ್ಕೆ ಒಂದು ಕಾರಣವಿದೆ. ನಮ್ಮಲ್ಲಿ ಗಂಡು ಹುಟ್ಟಿದರೆ ಅಂಗಳದಲ್ಲಿ ಒಂದು ಗುಂಡು ಹಾರಿಸಿ ಊರಿಗೆ ತಿಳಿಸುವುದು ಪದ್ಧತಿ. ದೇಚು ಹುಟ್ಟಿದಾಗ ನಾನು ಗಡಿಯಲ್ಲಿದ್ದೆ. ಹೆಣ್ಣೆಂದು ನನ್ನ ಅಪ್ಪ ಕೋವಿಯನ್ನು ಗೋಡೆಯಿಂದ ಇಳಿಸಲೂ ಇಲ್ಲ. ಅವಳಿಗೆ ಏಳು ವರ್ಷವಾದಾಗ ಯಾರೋ ಇದನ್ನು ಅವಳ ಕಿವಿಗೆ ಹಾಕಿದರು. ರಜೆಯಲ್ಲಿ ಬಂದ ನನ್ನ ಮುಂದೆ ನಿಂತು ಕೇಳಿದಳು: "ಅಪ್ಪ, ನಾನು ಹುಟ್ಟಿದಾಗ ಯಾಕೆ ಡಮ್ ಅನ್ನಿಸ್ಲಿಲ್ಲ?"

"ನಿನ್ನ ಅಳುವೇ ಗುಂಡಿಗಿಂತ ಜೋರಿತ್ತಂತೆ ಮಗಳೇ, ಬೇಕಾಗ್ಲಿಲ್ಲ," ಎಂದೆ.

ಜೀವಮಾನದಲ್ಲಿ ನಾನು ಹೇಳಿದ ಸಾವಿರಾರು ತಮಾಷೆಗಳಲ್ಲಿ ಅವಳು ನಗದೇ ಹೋದದ್ದು ಅದೊಂದೇ.

ಈಗ ಹುಟ್ಟಲಿರುವುದೂ ಹೆಣ್ಣು. ಈ ದೇಶದಲ್ಲಿ ಅದನ್ನು ಮೊದಲೇ ಹೇಳುತ್ತಾರೆ. ಹಾಗಾಗಿ ನಿರ್ಧರಿಸಿದೆ: ಈ ಸಲ ಒಂದು ಗುಂಡು ಹಾರಿಯೇ ತೀರಬೇಕು. ದೇಚು ಹಾಸಿಗೆಯಲ್ಲಿ ಮಲಗಿದ್ದಲ್ಲೇ ಅದನ್ನು ಕೇಳಬೇಕು!

ನನ್ನ ಕೋವಿ ಕೊಡಗಿನಲ್ಲಿ ಗೋಡೆಯ ಮೇಲಿದೆ. ಇಲ್ಲಿ ಆಗ ಫಾಶಿಂಗ್ ಸಮಯ, ದೊಡ್ಡವರೂ ಮಕ್ಕಳೂ ವೇಷ ಹಾಕಿ ಕುಣಿಯುವ ಹಬ್ಬ. ಅಂಗಡಿಯಲ್ಲಿ ಕೌಬಾಯ್ ಟೊಪ್ಪಿಯ ಪಕ್ಕದಲ್ಲೇ ಪಟಾಕಿ ಪಿಸ್ತೂಲು ನೇತಾಡುತ್ತಿತ್ತು. ಪ್ಲಾಸ್ಟಿಕ್ಕಿನ ಕೆಂಪು ಬಳೆಯಂಥದ್ದನ್ನು ಒಳಗೆ ಕೂರಿಸಿದರೆ ಎಂಟು ಸಲ ಢಂ ಎನ್ನುತ್ತದೆ. ಕೊಂಡೆ. ಆದರೆ ಅದರ ಮೂತಿ ಕಿತ್ತಳೆ ಬಣ್ಣದ್ದು! ಇಪ್ಪತ್ತೆಂಟು ವರ್ಷ ಸೇವೆ ಮಾಡಿದವನು ಕಿತ್ತಳೆ ಮೂತಿಯ ಆಯುಧ ಹಿಡಿದು ಮೊಮ್ಮಗಳನ್ನು ಸ್ವಾಗತಿಸುವುದೇ?

ಬಾಲ್ಕನಿಯಲ್ಲಿ ಕೂತು, ಶೂ ಪಾಲಿಶ್ ಡಬ್ಬಿ ತೆರೆದು, ಸ್ವಲ್ಪ ಉಗುಳು ಸೇರಿಸಿ, ಮೂರು ಸುತ್ತು ಹಚ್ಚಿ ಉಜ್ಜಿದೆ. ಪರೇಡಿಗೆ ಹೋಗುವ ಬೂಟಿನ ಹಾಗೆ ಮಿಂಚಿತು. ಎರಡು ಹೆಜ್ಜೆ ಹಿಂದೆ ನಿಂತು ನೋಡಿದರೆ ನನಗೇ ಭಯವಾಗಬೇಕು, ಅಂಥ ಕೆಲಸ!

ಮುತ್ತಮ್ಮ ಬಟ್ಟೆ ಒಣಹಾಕಲು ಬಂದವಳು ನೋಡಿದಳು. "ಎಂಥ ಅದು?"

"ಆಟಿಕೆ."

"ಆಟಿಕೆಗೆ ಪಾಲಿಶ್ ಎಂಥಕ್ಕೆ?"

"ಶಿಸ್ತು."

"ನಿಮ್ಮ ಶಿಸ್ತು ಶುರುವಾದಾಗೆಲ್ಲ ನಾನು ಯಾರದ್ದಾದ್ರೂ ಕ್ಷಮೆ ಕೇಳ್ಬೇಕಾಗ್ತದೆ," ಎಂದು ಒಳಗೆ ಹೋದಳು.

ಯೋಜನೆ ಸರಳವಾಗಿತ್ತು. ಆಸ್ಪತ್ರೆಯ ಒಳಗೆ ತಾನೇ ನಿಷೇಧ? ಮಗು ಹುಟ್ಟಿದ ಸುದ್ದಿ ಬಂದ ಕೂಡಲೇ ಕೆಳಗೆ ಪಾರ್ಕಿಂಗಿಗೆ ಇಳಿಯುವುದು, ಒಂದು ಹಾರಿಸುವುದು, ಮೇಲೆ ಬರುವುದು. ಸುದ್ದಿ ಬರುವ ತನಕ ಪಿಸ್ತೂಲು ಎಲ್ಲಿರಬೇಕು ಎಂಬುದನ್ನು ಮಾತ್ರ ಯೋಚಿಸಿರಲಿಲ್ಲ.

ಡಾಕ್ಟರ್ ಹೇಳಿದ ದಿನಕ್ಕಿಂತ ನಾಲ್ಕು ದಿನ ಮುಂಚೆ, ಬೆಳಗಿನ ಉಪ್ಪಿಟ್ಟಿನ ಹೊತ್ತಿಗೆ ನೋವು ಶುರುವಾಯಿತು. ಕೋಟಿನ ಒಳಜೇಬಿಗೆ ಪಿಸ್ತೂಲು ಇಳಿಸಿ, ಮೇಲೆ ಕರವಸ್ತ್ರ ತುರುಕಿ, ಕಾರು ಹತ್ತಿದೆ. ಆಸ್ಪತ್ರೆಯಲ್ಲಿ ದೇಚು, ವೀರೇಶ, ಮುತ್ತಮ್ಮ ಹೆರಿಗೆ ಕೋಣೆಗೆ ಹೋದರು. ನನ್ನನ್ನು ಹೊರಗಿನ ಕುರ್ಚಿಯಲ್ಲಿ ಕೂರಿಸಿದರು.

ಒಂದು ಗಂಟೆ ಧೈರ್ಯವಾಗಿಯೇ ಕೂತಿದ್ದೆ. ಆಮೇಲೆ ಬಾಗಿಲಿನಾಚೆಯಿಂದ ದೇಚು ಕೂಗಿದ್ದು ಕೇಳಿಸಿತು. ಶೆಲ್ ಬೀಳುವ ಸದ್ದಿಗೆ ಬೆವರದವನು ನಾನು, ಆಗ ಬೆವೆತೆ. ಒಳಜೇಬಿಗೆ ಕೈ ಹಾಕಿ ಎರಡು ಸಲ ತಡಕಾಡಿದೆ. ಒರೆಸಿಕೊಳ್ಳಲು ಕರವಸ್ತ್ರ ಎಳೆದೆ. ಕರವಸ್ತ್ರದ ಜೊತೆ ಅದೂ ಬಂತು!

ನುಣುಪು ನೆಲ. ಪಿಸ್ತೂಲು ಜಾರಿ ಜಾರಿ ಹೋಗಿ, ತಟ್ಟೆ ಹಿಡಿದು ಬರುತ್ತಿದ್ದ ಒಬ್ಬ ನರ್ಸಮ್ಮನ ಪಾದದ ಹತ್ತಿರ ನಿಂತಿತು. ಆಕೆ ಕಿರುಚಲಿಲ್ಲ. ತಟ್ಟೆಯನ್ನು ಮೆತ್ತಗೆ ಪಕ್ಕಕ್ಕಿಟ್ಟು, ಗೋಡೆಯ ಮೇಲಿನ ಗುಂಡಿಯನ್ನು ಒತ್ತಿದಳು. ಇಂಥ ಶಾಂತ ಸಿಪಾಯಿಗಳು ನನ್ನ ಪ್ಲಟೂನಿನಲ್ಲೂ ಇರಲಿಲ್ಲ!

ಐದು ನಿಮಿಷದಲ್ಲಿ ನಾನು ಕೆಳಗಿನ ಒಂದು ಕೋಣೆಯಲ್ಲಿದ್ದೆ. ಇನ್ನೂ ಹತ್ತು ನಿಮಿಷಕ್ಕೆ ಇಬ್ಬರು ಪೊಲೀಸರು ಬಂದರು. ಅವರಲ್ಲಿ ಒಬ್ಬಾಕೆ ಇಂಗ್ಲಿಷಿನಲ್ಲಿ ವಿಚಾರಣೆ ಶುರು ಮಾಡಿದಳು. ನಾನು ಅಟೆನ್ಷನ್‌ನಲ್ಲಿ ನಿಂತು ಸತ್ಯವನ್ನೇ ಹೇಳಿದೆ. ತಪ್ಪಾದದ್ದು ಅಲ್ಲೇ.

"ಇದನ್ನು ಯಾಕೆ ತಂದಿರಿ?"

"ಮಗುವಿಗಾಗಿ."

ಆಕೆ ಜೊತೆಯವನ ಮುಖ ನೋಡಿದಳು.

"ಮಗು ಬಂದ ಕೂಡಲೇ ಒಂದು ಗುಂಡು ಹಾರಿಸಬೇಕು, ಮೇಡಂ."

"ಯಾರ ಮೇಲೆ?"

"ಯಾರ ಮೇಲೂ ಅಲ್ಲ. ಸಂತೋಷಕ್ಕೆ!"

"ಹಿಂದೆ ಯಾವತ್ತಾದರೂ ಹೀಗೆ ಮಾಡಿದ್ದೀರಾ?"

"ನನ್ನ ಅಣ್ಣನ ಮೂರು ಗಂಡುಮಕ್ಕಳಿಗೂ ಮಾಡಿದ್ದೇನೆ."

ಜೊತೆಯವನು ಹೋಗಿ ಬಾಗಿಲಿಗೆ ಅಡ್ಡ ನಿಂತ. ಧೈರ್ಯ ತುಂಬೋಣವೆಂದು ಹೇಳಿದೆ: "ಹೆದರಬೇಡಿ. ಇದು ನಿಜವಾದದ್ದಲ್ಲ. ನಿಜವಾದದ್ದು ಮನೆಯಲ್ಲಿದೆ."

"ವಿಳಾಸ?" ಎಂದು ಆಕೆ ಪೆನ್ನು ತೆಗೆದಳು.

ಕೊಡಗು ಎಲ್ಲಿದೆ, ಆಯುಧಪೂಜೆಯಂತೆ ಅಲ್ಲಿ ನಾವು ಕೋವಿಗೆ ಪೂಜೆ ಮಾಡುವ ಹಬ್ಬ ಎಂಥದ್ದು, ಎಲ್ಲ ವಿವರಿಸಿದೆ. ಆಯುಧಕ್ಕೆ ಹೂ ಮುಡಿಸುತ್ತೇವೆ ಎಂದಾಗ ಆಕೆ ಬರೆಯುವುದನ್ನು ನಿಲ್ಲಿಸಿ, ಮನೆಯವರು ಯಾರಾದರೂ ಇದ್ದರೆ ಫೋನ್ ಮಾಡಿ ಎಂದಳು.

ಅಳಿಯನಿಗೆ ಮಾಡಿದೆ. "ವೀರೇಶ, ನನ್ನನ್ನು ಪೊಲೀಸರು ಹಿಡಿದಿದ್ದಾರೆ. ಬೇಗ ಕೆಳಗೆ ಬಾ."

"ಮಾವಾರ, ಇವತ್ತರ ಬ್ಯಾಡ್ರಿ!" ಎಂದು ಅವನು ಕಟ್ ಮಾಡಿದ.

ಅವನದೇನೂ ತಪ್ಪಿಲ್ಲ. ಹಿಂದಿನ ವಾರ ನಾನೇ ದನಿ ಬದಲಾಯಿಸಿ ಅವನ ಆಫೀಸಿಗೆ ಫೋನ್ ಮಾಡಿ, ನಗರಸಭೆಯಿಂದ ಮಾತಾಡುತ್ತಿದ್ದೇನೆ, ನಿಮ್ಮ ಮನೆಯ ಹಸಿ ಕಸದ ಡಬ್ಬಿಯಲ್ಲಿ ಪ್ಲಾಸ್ಟಿಕ್ ಸಿಕ್ಕಿದೆ ಎಂದಿದ್ದೆ. ಪಾಪ, ಅರ್ಧ ದಿನ ರಜೆ ಹಾಕಿ ಬಂದು ಕಸವನ್ನೆಲ್ಲ ಕೈಯಾರೆ ಜಾಲಾಡಿದ್ದ. ಅವನು ಜಾಲಾಡುವುದನ್ನು ಬಾಲ್ಕನಿಯಿಂದ ನೋಡುತ್ತಾ ನಾನು ಕಾಫಿ ಕುಡಿದಿದ್ದೆ!

ಮುತ್ತಮ್ಮನಿಗೆ ಮಾಡಿದೆ. ನಾನು ಬಾಯಿ ತೆರೆಯುವ ಮುಂಚೆಯೇ, "ಇಲ್ಲಿ ಮಗಳು ಒದ್ದಾಡ್ತಾ ಇದ್ದಾಳೆ, ನಿಮ್ಗೆ ತಮಾಷೆಯಾ?" ಎಂದು ಇಟ್ಟಳು.

ಉಳಿದವನು ಹೆಲ್ಮುಟ್. ಅವನು ಒಂದೇ ಪ್ರಶ್ನೆ ಕೇಳಿದ: "ಯಾವ ಕೋಣೆ?"

ಅವನು ಬರುವಷ್ಟರಲ್ಲಿ ಪೊಲೀಸಮ್ಮ ಕೈಗವಸು ಹಾಕಿಕೊಂಡು ಪಿಸ್ತೂಲು ಎತ್ತಿದಳು. ಮೂತಿಯನ್ನು ನೆಲದ ಕಡೆ ತಿರುಗಿಸಿ, ಬೆರಳನ್ನು ಟ್ರಿಗರಿನಿಂದ ಹೊರಗಿಟ್ಟು, ಕೆಂಪು ಬಳೆಯನ್ನು ಹೊರತೆಗೆದಳು. ಡ್ರಿಲ್ ಸರಿಯಾಗಿತ್ತು, ಮನಸ್ಸಿನಲ್ಲೇ ಮೆಚ್ಚಿದೆ. ಆಮೇಲೆ ತನ್ನ ಕೈಗವಸನ್ನು ನೋಡಿಕೊಂಡಳು. ಪೂರ್ತಿ ಕಪ್ಪು! ಹೆಬ್ಬೆರಳಿನಿಂದ ಮೂತಿಯನ್ನು ಉಜ್ಜಿದಳು. ಕಿತ್ತಳೆ ಬಣ್ಣ ನಿಧಾನವಾಗಿ ಸೂರ್ಯೋದಯದಂತೆ ಕಾಣಿಸಿಕೊಂಡಿತು.

"ಇದೇನು?"

"ಶೂ ಪಾಲಿಶ್, ಮೇಡಂ. ಮತ್ತೆ ಸ್ವಲ್ಪ ಉಗುಳು."

ಆಕೆ ಕೈಗವಸನ್ನು ಬೇಗನೆ ಕಳಚಿದಳು.

ಹೆಲ್ಮುಟ್ ಬಂದು ಜರ್ಮನ್ನಿನಲ್ಲಿ ಬಹಳ ಹೊತ್ತು ಮಾತಾಡಿದ. ನಡುನಡುವೆ ಎಲ್ಲರೂ ನನ್ನನ್ನು ನೋಡಿ ತಲೆಯಾಡಿಸುತ್ತಿದ್ದರು. ಕೊನೆಗೆ ತೀರ್ಪು ಬಂತು. ನಿಜವಾದದ್ದರಂತೆ ಕಾಣುವ ನಕಲಿಯನ್ನು ಹೊತ್ತು ತಿರುಗುವುದೂ ಇಲ್ಲಿ ತಪ್ಪು. ಆಸ್ಪತ್ರೆಯ ನಿಷೇಧ ಪಾರ್ಕಿಂಗಿಗೂ ಅನ್ವಯಿಸುತ್ತದೆ, ಸಣ್ಣಕ್ಷರದ ನಾಲ್ಕು ಸಾಲಿನಲ್ಲಿ ಇದ್ದದ್ದು ಅದೇ! ಪಿಸ್ತೂಲು ಜಪ್ತಿ. ಮುಂದಿನ ಕ್ರಮವೇನೆಂದು ಅಂಚೆಯಲ್ಲಿ ಕಾಗದ ಬರುತ್ತದೆ. ಮತ್ತು ಇವತ್ತಿನ ಮಟ್ಟಿಗೆ ಈ ಅಜ್ಜ ಆಸ್ಪತ್ರೆಯ ಗೇಟಿನಿಂದ ಹೊರಗೆ.

ಇವತ್ತಿನ ಮಟ್ಟಿಗೆ! ಐದು ಸಾವಿರ ಮೈಲಿ ಹಾರಿ ಬಂದದ್ದೇ ಇವತ್ತಿಗಾಗಿ.

ಗೇಟಿನ ಹೊರಗೆ ಬೆಂಚಿನ ಮೇಲೆ ನಾವಿಬ್ಬರೂ ಕೂತೆವು. ಫೆಬ್ರವರಿಯ ಚಳಿ. ಹೆಲ್ಮುಟ್ ಎದುರಿನ ಬೇಕರಿಗೆ ಹೋಗಿ ಬಂದು, ಕಾಗದದ ಚೀಲದಿಂದ ಬಿಸಿ ಬ್ರೆಟ್ಸೆಲ್ ತೆಗೆದು ಅರ್ಧ ಮುರಿದು ಕೊಟ್ಟ. ಉಪ್ಪು ಹಾಕಿದ, ಗಂಟು ಕಟ್ಟಿದ ಬ್ರೆಡ್ಡು ಅದು.

"ನೀನಾಗಿದ್ದರೆ ನನ್ನನ್ನು ಬಿಡುತ್ತಿದ್ದೆಯಾ?" ಎಂದು ಕೇಳಿದೆ.

"ಇಲ್ಲ."

"ಹಳೆಯ ಸೈನಿಕನನ್ನೂ?"

ಅವನು ಚೀಲವನ್ನು ಮಡಚುತ್ತಾ ಹೇಳಿದ: "ನನ್ನ ಹೆಂಡತಿ ಇದೇ ಕಟ್ಟಡದಲ್ಲಿ ತೀರಿಕೊಂಡಳು. ಆವತ್ತು ನನ್ನ ಕೈಯಲ್ಲಿ ಒಂದು ಕಾಫಿ ಲೋಟ ಇತ್ತು. ಡಾಕ್ಟರ್ ಬಂದು ಹೇಳಿದ ಕೂಡಲೇ ಎಸೆದೆ. ಅವನ ತಲೆಗೆ ಗುರಿಯಿಟ್ಟೇ ಎಸೆದೆ, ಗೋಡೆಗೆ ತಗುಲಿತು. ಮೂವತ್ತು ವರ್ಷ ಟ್ರೈನಿಂಗ್ ಆದವನು ನಾನು. ಕೈಯಲ್ಲಿ ಲೋಟ ಇತ್ತಲ್ಲ, ಅದಕ್ಕೆ ಈಗಲೂ ದೇವರಿಗೆ ಥ್ಯಾಂಕ್ಸ್ ಹೇಳುತ್ತೇನೆ."

ನಾನು ನನ್ನ ಕೈ ನೋಡಿಕೊಂಡೆ. ದೇಚು ಕೂಗಿದಾಗ ಕರವಸ್ತ್ರ ಹಿಡಿಯಲೂ ಆಗದೇ ಹೋದ ಕೈ. ಕರ್ನಲ್ ಸಾಹೇಬರ ಕಥೆಯನ್ನು ಮರ್ಯಾದೆಗೆಂದು ಅವನೂ ನೆನಪಿಸಲಿಲ್ಲ, ನಾನೂ ಎತ್ತಲಿಲ್ಲ.

ಆಗ ಫೋನ್ ಬಂತು. ವೀರೇಶ. "ಮಾವಾರ, ಹೆಣ್ಣು! ಇಬ್ಬರೂ ಆರಾಮದಾರ. ಎಲ್ಲಿದ್ದೀರಿ ನೀವು? ಇಲ್ಲಿ ನರ್ಸು ಏನೇನೋ ಹೇಳಾಕತ್ತಾಳ. ಖರೇನ ಪೊಲೀಸರು ಹಿಡಿದಿದ್ರೇನ್ರಿ?"

"ಖರೇನೇ," ಎಂದೆ. "ಗೇಟಿನ ಹೊರಗಿದ್ದೇನೆ. ಒಳಗೆ ಬಿಡುವುದಿಲ್ಲ."

ಸ್ವಲ್ಪ ಹೊತ್ತಿನಲ್ಲಿ ಎರಡನೆಯ ಮಹಡಿಯ ಕಿಟಕಿ ಚೂರು ತೆರೆದುಕೊಂಡಿತು. ಮುತ್ತಮ್ಮ ಬಿಳಿ ಬಟ್ಟೆಯ ಗಂಟೊಂದನ್ನು ಎತ್ತಿ ಹಿಡಿದಳು. ಆ ದೂರದಿಂದ ಮೊಮ್ಮಗಳು ನನಗೆ ಒಂದು ಎಲೆಕೋಸಿನಷ್ಟು ಕಂಡಳು. ನಾನು ಎದ್ದು ನಿಂತು ಸೆಲ್ಯೂಟ್ ಹೊಡೆದೆ. ಫೋನಿನಲ್ಲಿ ದೇಚುವಿನ ದನಿ ಬಂತು, ಬಳಲಿತ್ತು.

"ಅಪ್ಪ, ಪಿಸ್ತೂಲು ತಂದಿದ್ರಂತೆ. ಅಮ್ಮ ಹೇಳಿದ್ರು."

"ತಂದಿದ್ದೆ ಮಗಳೇ. ಕಸಿದುಕೊಂಡ್ರು."

"ಅವಳಿಗೋಸ್ಕರವಾ?"

"ಅವಳಿಗೆ ಅಂತ ಪೊಲೀಸರಿಗೆ ಹೇಳಿದೆ," ಎಂದೆ. "ನಿನಗೆ."

ಇಷ್ಟು ಹೇಳಿದ ಮೇಲೆ ಸುಬೇದಾರ್ ಮಾದಪ್ಪ ಇನ್ನು ಸುಮ್ಮನಿರುವುದುಂಟೇ? ಹೆಲ್ಮುಟ್‌ನ ಕೈಯಿಂದ ಕಾಗದದ ಚೀಲ ಕಸಿದುಕೊಂಡೆ. ಶಾಲೆಯ ದಿನಗಳಲ್ಲಿ ಇಂಥ ಚೀಲ ಊದಿ ಒಡೆದು ಮೂವರು ಮೇಷ್ಟ್ರುಗಳ ಎದೆ ನಡುಗಿಸಿದವನು ನಾನು! "ಕಿಟಕಿ ಪೂರ್ತಿ ತೆಗೆಯಿರಿ, ಕಿವಿಗೊಟ್ಟು ಕೇಳಿ!" ಎಂದು ಕೂಗಿದೆ. ಗೇಟಿನ ಕಾವಲುಗಾರ ಎದ್ದು ನಿಂತ. ದಾರಿಯಲ್ಲಿ ಹೋಗುವ ಇಬ್ಬರು ನಿಂತರು. ಎದೆಯುಬ್ಬಿಸಿ, ಚೀಲ ತುಂಬ ಗಾಳಿ ಊದಿ, ಬಾಯಿ ತಿರುಚಿ, ಕೈ ಎತ್ತಿ ಬಲವಾಗಿ ಹೊಡೆದೆ.

ಬಿಸಿ ಬ್ರೆಟ್ಸೆಲ್‌ನ ಹಬೆಗೆ ಚೀಲ ಒದ್ದೆಯಾಗಿತ್ತು.

ಫುಸ್.

ಕಾವಲುಗಾರ ಮತ್ತೆ ಕುಳಿತ. ಫೋನಿನಲ್ಲಿ ಯಾರೋ ನಗುವುದು ಕೇಳಿಸಿತು. ದೇಚು! ಹೊಟ್ಟೆ ಹಿಡಿದುಕೊಂಡು, ನೋವಾದರೂ ನಿಲ್ಲಿಸಲಾಗದೆ ನಗುತ್ತಿದ್ದಳು. "ಅಯ್ಯೋ ಅಪ್ಪ, ನಗಿಸ್ಬೇಡಿ!"

"ಕೇಳಿಸ್ತಾ?" ಎಂದೆ.

ಉತ್ತರ ಕೊಟ್ಟವಳು ಮುತ್ತಮ್ಮ. "ಎಂಥದ್ದೂ ಕೇಳ್ಲಿಲ್ಲ ಸುಬೇದಾರ್ರೇ. ಅದೇ ಹೊತ್ತಿಗೆ ಇಲ್ಲಿ ಮಗು ಸೀನ್ತು. ಅದೇ ಜೋರಿತ್ತು!"